ಮನೆ ಕೆಡವಿ ನೋಡು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಅಂತ ಹಿರಿಯರು ಹೇಳಿಟ್ಟಿದ್ದಾರೆ. ಮನೆ ಕೆಡವಿ ನೋಡು ಅಂತ ಯಾಕೋ ಯಾರೂ ಹೇಳಲಿಲ್ಲ. ಬಹುಶಃ ಅವರ ಕಾಲದಲ್ಲಿ ಕೆಡವಿದ್ದೆಲ್ಲ ಮತ್ತೆ ಬಳಕೆಗೆ ಬರುತ್ತಿತ್ತು. ಮಣ್ಣಿನ ಗೋಡೆ ಹಿತ್ತಲಿಗೆ ಮಣ್ಣಾಗುತ್ತಿತ್ತು, ತೊಲೆ-ಕಂಬ ಇನ್ನೊಂದು ಮನೆಗೆ ಹೋಗುತ್ತಿದ್ದವು, ಹೆಂಚು ದನದ ಕೊಟ್ಟಿಗೆ ಮೇಲೆ ಕೂರುತ್ತಿತ್ತು. ಕಾಂಕ್ರೀಟ್ ಮನೆಗೆ ಆ ಭಾಗ್ಯ ಇಲ್ಲ. ಅದು ಬಿದ್ದರೆ ಬರೀ ರಾಶಿ.

ಅಪ್ಪ 1986ರಲ್ಲಿ ಬೆಂಗಳೂರಿನ ಪಶ್ಚಿಮದ ಒಂದು ಲೇಔಟಿನಲ್ಲಿ 30x40 ಸೈಟಿನಲ್ಲಿ ಕಟ್ಟಿಸಿದ ಮನೆ ನಮ್ಮದು. ಕೆಳಗೆ ನಾವು, ಮೇಲೊಂದು ಸಣ್ಣ ಬಾಡಿಗೆ ಮನೆ, ಒಟ್ಟು ಸುಮಾರು 1,100 ಚದರ ಅಡಿ. ಬಚ್ಚಲಮನೆ ಮೇಲಿನ ಮೋಲ್ಡಿನಲ್ಲಿ ಕಂಬಿ ತುಕ್ಕು ಹಿಡಿದು ಉಬ್ಬಿ, ಪ್ಲಾಸ್ಟರಿಂಗ್ ಚಕ್ಕೆ ಚಕ್ಕೆಯಾಗಿ ಉದುರೋಕೆ ಶುರುವಾಯಿತು. ಎರಡು ಸಲ ರಿಪೇರಿ ಆದ ಮೇಲೆ ಇಂಜಿನಿಯರ್ ಕೈ ಚೆಲ್ಲಿದರು. ಕೆಡವಿ ಕಟ್ಟೋದೇ ಸರಿ ಅಂತ ಮನೆಯಲ್ಲಿ ತೀರ್ಮಾನ ಆಯಿತು. ಸಾಲ ನನ್ನ ಹೆಸರಲ್ಲಿ, ಉಸ್ತುವಾರಿ ಅಪ್ಪನ ಹೆಸರಲ್ಲಿ.

ನಾನು ಓದಿದ್ದು ಇಂಜಿನಿಯರಿಂಗ್ ನಿಜ, ಆದರೆ ಕೆಲಸ ಸಾಫ್ಟ್‌ವೇರಿನದು. ಜಲ್ಲಿ, ಕಂಬಿ, ಸಿಮೆಂಟಿನ ಜೊತೆ ನನಗಿದ್ದ ನಂಟು ಮೊದಲ ವರ್ಷದ ಒಂದು ಪೇಪರಿನಷ್ಟು ಮಾತ್ರ. ಮನೆ ಕೆಡವೋ ವಾರದಲ್ಲಿ ನನಗೆ ಹುಟ್ಟಿದ್ದು ಒಂದೇ ಒಂದು ಸಾದಾ ಪ್ರಶ್ನೆ: ಇದೆಲ್ಲ ಎಲ್ಲಿಗೆ ಹೋಗುತ್ತೆ?

'ಅದೆಲ್ಲ ನಮಗೆ ಬಿಡಿ ಸಾರ್'

ಕೆಡವುವ ಗುತ್ತಿಗೆದಾರರು ಬಂದು ಮನೆ ಸುತ್ತಿ ನೋಡಿದರು. ತೇಗದ ಬಾಗಿಲು, ಕಿಟಕಿ, ಕಂಬಿ ಎಲ್ಲ ಅವರಿಗೆ. ಕೆಡವಿ, ಜಾಗ ಸಾಪಾಟು ಮಾಡಿ ಕೊಡೋದು ಅವರ ಜವಾಬ್ದಾರಿ. "ಡೆಬ್ರಿಸ್ ಎಲ್ಲಿ ಹಾಕ್ತೀರಾ?" ಅಂತ ಕೇಳಿದೆ. "ಅದೆಲ್ಲ ನಮಗೆ ಬಿಡಿ ಸಾರ್" ಅಂದರು. ಮತ್ತೆ ಕೇಳಿದ್ದಕ್ಕೆ ನಕ್ಕು, "ರಾತ್ರಿ ಹತ್ತು ಗಂಟೆ ಮೇಲೆ ಗಾಡಿ ಹೊರಡುತ್ತೆ. ಕೆರೆ ಪಕ್ಕ ಖಾಲಿ ಜಾಗ ಇದೆ, ಎಲ್ಲರೂ ಅಲ್ಲಿಗೇ ಹಾಕೋದು" ಅಂದರು.

ಬೆಂಗಳೂರಿನಲ್ಲಿ ಓಡಾಡುವ ಯಾರಿಗೂ ಇದು ಹೊಸದಲ್ಲ. ರಾಜಕಾಲುವೆ ಅಂಚು, ರಿಂಗ್ ರೋಡಿನ ಬದಿ, ಕೆರೆ ಅಂಗಳ ಎಲ್ಲಿ ನೋಡಿದರೂ ಒಡೆದ ಇಟ್ಟಿಗೆ, ಟೈಲ್ಸ್ ಚೂರು, ಕಂಬಿ ಕಿತ್ತ ಕಾಂಕ್ರೀಟ್ ತುಂಡು. ಮಳೆ ಬಂದಾಗ ಕಾಲುವೆ ಉಕ್ಕಿ ಮನೆಗೆ ನುಗ್ಗಿತು ಅಂತ ನಾವೇ ವಿಡಿಯೋ ಹಾಕುತ್ತೇವೆ. ಆ ಕಾಲುವೆ ತುಂಬಿದ್ದು ಯಾರದೋ ಹಳೇ ಅಡುಗೆಮನೆ ಗೋಡೆಯಿಂದ ಅನ್ನೋದು ವಿಡಿಯೋದಲ್ಲಿ ಕಾಣಲ್ಲ.

ಎಷ್ಟು ರಾಶಿ ಬರುತ್ತೆ ಅನ್ನೋದಕ್ಕೆ ಒಂದು ಲೆಕ್ಕ ಇದೆ. ನಮ್ಮ ದೇಶದಲ್ಲಿ ಬಳಸುವ ಅಂದಾಜಿನ ಪ್ರಕಾರ ಮನೆ ಕೆಡವಿದರೆ ಪ್ರತಿ ಚದರ ಮೀಟರಿಗೆ 300ರಿಂದ 500 ಕೆಜಿ ತ್ಯಾಜ್ಯ. ನಮ್ಮ ಮನೆ ಸುಮಾರು 102 ಚದರ ಮೀಟರ್. ಅಂದರೆ 30ರಿಂದ 50 ಟನ್. ಹತ್ತು ಟನ್ ಹೊರುವ ಟಿಪ್ಪರಿನಲ್ಲಿ ಮೂರರಿಂದ ಐದು ಲೋಡು. ನಮ್ಮದೇ ಬೀದಿಯಲ್ಲಿ ಆ ವರ್ಷ ಇನ್ನೂ ಮೂರು ಮನೆ ಬಿದ್ದವು. ದೊಡ್ಡ ಉದಾಹರಣೆ ಬೇಕಾದರೆ ನೋಯ್ಡಾದ ಅವಳಿ ಗೋಪುರ ನೆನಪಿಸಿಕೊಳ್ಳಿ. 2022ರ ಆಗಸ್ಟ್ 28ರಂದು ಕೆಲವೇ ಸೆಕೆಂಡಿನಲ್ಲಿ ಕುಸಿದದ್ದನ್ನು ನಾವೆಲ್ಲ ಮೊಬೈಲಿನಲ್ಲಿ ನೋಡಿದ್ದೇವೆ. ಆ ಸೆಕೆಂಡುಗಳ ನಂತರ ಉಳಿದದ್ದು ಸುಮಾರು 80,000 ಟನ್ ಅವಶೇಷ. ಅದನ್ನು ಸಾಗಿಸಿ ಮುಗಿಸಲು ತಿಂಗಳುಗಳೇ ಬೇಕಾದವು.

ಕಾನೂನು ಇಲ್ಲ ಅಂತಲ್ಲ. 2016ರಲ್ಲೇ ಕೇಂದ್ರ ಸರ್ಕಾರ ಕಟ್ಟಡ ತ್ಯಾಜ್ಯಕ್ಕಾಗಿ ಪ್ರತ್ಯೇಕ ನಿಯಮ ತಂದಿತು. ದಿನಕ್ಕೆ 20 ಟನ್, ಇಲ್ಲವೇ ಒಂದು ಯೋಜನೆಯಲ್ಲಿ ತಿಂಗಳಿಗೆ 300 ಟನ್‌ಗಿಂತ ಹೆಚ್ಚು ತ್ಯಾಜ್ಯ ಬರುವವರು ಕಾಂಕ್ರೀಟ್ ಬೇರೆ, ಮಣ್ಣು ಬೇರೆ, ಕಬ್ಬಿಣ-ಮರ-ಪ್ಲಾಸ್ಟಿಕ್ ಬೇರೆ, ಇಟ್ಟಿಗೆ-ಗಾರೆ ಬೇರೆ ಅಂತ ವಿಂಗಡಿಸಬೇಕು ಅಂತ ಅದರಲ್ಲಿತ್ತು. 2025ರಲ್ಲಿ ಬಂದ ಹೊಸ ನಿಯಮ 2026ರ ಏಪ್ರಿಲ್ 1ರಿಂದ ಜಾರಿ. ಅದರಲ್ಲಿ 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಯೋಜನೆಗಳ ಮೇಲೆ ಮರುಬಳಕೆಯ ಹೊಣೆಯನ್ನೇ ಹೊರಿಸಲಾಗಿದೆ. ನಮ್ಮಂಥ ಸಣ್ಣ ಮನೆಯವರು ಈ ದೊಡ್ಡ ಲೆಕ್ಕಕ್ಕೆ ಬರಲ್ಲ. ಆದರೆ ಊರಲ್ಲಿ ದಿನಾ ಬೀಳೋದು ಸಣ್ಣ ಮನೆಗಳೇ.

ಸಿಮೆಂಟ್ ಚೀಲದ ಇನ್ನೊಂದು ತೂಕ

ಹಳೇ ಮನೆ ಹೋಗೋದರ ಬಗ್ಗೆ ಯೋಚಿಸುತ್ತಾ ಹೊಸ ಮನೆಗೆ ಬರೋದರ ಕಡೆ ಗಮನ ಹೋಯಿತು. ನಮ್ಮ ಹೊಸ ಮನೆ ಸುಮಾರು 2,000 ಚದರ ಅಡಿ. ಮೇಸ್ತ್ರಿಗಳ ಬಾಯಿಲೆಕ್ಕ ಅಡಿಗೆ 0.4 ಚೀಲ. ಅಂದರೆ 800 ಚೀಲ, 40 ಟನ್ ಸಿಮೆಂಟ್.

ಸಿಮೆಂಟ್ ಮಾಡೋದು ಹೇಗೆ? ಸುಣ್ಣದ ಕಲ್ಲನ್ನು ಜೇಡಿಯಂಥ ವಸ್ತುಗಳ ಜೊತೆ ಪುಡಿ ಮಾಡಿ ಸುಮಾರು 1,450 ಡಿಗ್ರಿ ಶಾಖದಲ್ಲಿ ಸುಡುತ್ತಾರೆ. ಬರೋ ಗಟ್ಟಿ ಉಂಡೆಗೆ ಕ್ಲಿಂಕರ್ ಅಂತ ಹೆಸರು. ಅದಕ್ಕೆ ಸ್ವಲ್ಪ ಜಿಪ್ಸಂ ಸೇರಿಸಿ ನುಣ್ಣಗೆ ಅರೆದರೆ ಸಿಮೆಂಟ್. ಇಲ್ಲಿ ಒಂದು ಸೂಕ್ಷ್ಮ ಇದೆ. ಹೊಗೆ ಬರೋದು ಕಲ್ಲಿದ್ದಲಿನಿಂದ ಮಾತ್ರ ಅಲ್ಲ. ಸುಣ್ಣದ ಕಲ್ಲು ಬಿಸಿಯಾದಾಗ ತನ್ನೊಳಗಿನ ಇಂಗಾಲದ ಡೈಆಕ್ಸೈಡನ್ನೇ ಬಿಟ್ಟುಕೊಡುತ್ತೆ. ಒಟ್ಟು ಹೊರಸೂಸುವಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬರೋದು ಈ ಕಲ್ಲಿನಿಂದಲೇ. ಹಾಗಾಗಿ ಇಡೀ ಕಾರ್ಖಾನೆಗೆ ಸೋಲಾರ್ ಹಾಕಿದರೂ ಆ ಪಾಲು ಹೋಗಲ್ಲ. ಜಗತ್ತಿನ ಇಂಗಾಲದ ಡೈಆಕ್ಸೈಡ್‌ನಲ್ಲಿ ಸಿಮೆಂಟಿನ ಪಾಲು ಸುಮಾರು 7ರಿಂದ 8 ಶೇಕಡಾ. ಸಿಮೆಂಟ್ ತಯಾರಿಕೆಯಲ್ಲಿ ಚೀನಾ ಬಿಟ್ಟರೆ ನಾವೇ ಮುಂದೆ.

ಒಂದು ಟನ್ ಕ್ಲಿಂಕರಿಗೆ 800 ಕೆಜಿಗೂ ಮಿಕ್ಕಿ ಅನಿಲ ಬರುತ್ತೆ ಅಂತ ಹಿಡಿದರೆ, ನಮ್ಮ 40 ಟನ್ ಸಿಮೆಂಟಿನ ಬಾಬತ್ತು 30 ಟನ್ ದಾಟುತ್ತೆ. ಪೆಟ್ರೋಲ್ ಕಾರಿನ ಭಾಷೆಯಲ್ಲಿ ಹೇಳೋದಾದರೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡಿಸಿದ ಹಾಗೆ. ನಾನು ಮೆಟ್ರೋದಲ್ಲಿ ಆಫೀಸಿಗೆ ಹೋಗಿ ಉಳಿಸಿದ್ದೆಲ್ಲ ಒಂದು ಮೋಲ್ಡಿಗೇ ಮುಗಿದುಹೋಗುತ್ತೆ.

ಹಾಗಂತ ಮನೆ ಕಟ್ಟದೇ ಇರೋಕಾಗುತ್ತಾ? ಕ್ಲಿಂಕರ್ ಕಡಿಮೆ ಮಾಡೋದೊಂದೇ ದಾರಿ. ಅದರ ಜಾಗದಲ್ಲಿ ಬೇರೆ ಏನನ್ನು ಹಾಕೋದು ಅನ್ನೋ ಪ್ರಶ್ನೆಗೆ ಉತ್ತರ ನಮ್ಮ ರಾಜ್ಯದಲ್ಲೇ ಗುಡ್ಡೆ ಗುಡ್ಡೆಯಾಗಿ ಬಿದ್ದಿದೆ.

ರಾಯಚೂರಿನ ಬೂದಿ, ತೋರಣಗಲ್ಲಿನ ಕಿಟ್ಟ

ಕೃಷ್ಣೆಯ ದಡದ ಶಕ್ತಿನಗರದಲ್ಲಿ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರ ಇದೆ. 1985ರಿಂದ ಅಲ್ಲಿ ಕಲ್ಲಿದ್ದಲು ಉರಿಯುತ್ತಿದೆ, ಒಟ್ಟು ಸಾಮರ್ಥ್ಯ 1,720 ಮೆಗಾವ್ಯಾಟ್. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಜಾಸ್ತಿ, ಸಾಮಾನ್ಯವಾಗಿ ಮೂರನೇ ಒಂದು ಭಾಗದಷ್ಟು. ಚಿಮಣಿಗೆ ಹೋಗುವ ಮುಂಚೆ ಹಿಡಿಯುವ ಹಿಟ್ಟಿನಂಥ ಬೂದಿಯೇ ಫ್ಲೈ ಆಶ್, ಹಾರುಬೂದಿ. ದೇಶದಲ್ಲಿ ವರ್ಷಕ್ಕೆ 20 ಕೋಟಿ ಟನ್‌ಗೂ ಹೆಚ್ಚು ಬೂದಿ ಬರುತ್ತೆ. ಬಳಸದಿದ್ದರೆ ಅದು ಬೂದಿ ಹೊಂಡದಲ್ಲಿ ಕೂರುತ್ತೆ, ಬೇಸಿಗೆಯ ಗಾಳಿಗೆ ಸುತ್ತಲ ಹೊಲದ ಮೇಲೆ ಹಾರುತ್ತೆ.

ಇನ್ನೊಂದು, ಬಳ್ಳಾರಿ ಜಿಲ್ಲೆಯ ತೋರಣಗಲ್ಲು. ಅಲ್ಲಿನ ಉಕ್ಕಿನ ಕಾರ್ಖಾನೆಯ ಊದುಕುಲುಮೆಯಲ್ಲಿ ಅದಿರು ಕರಗಿದಾಗ ಕಬ್ಬಿಣ ಕೆಳಗೆ, ಅದರ ಮೇಲೆ ಕಸದ ಕೆನೆ. ಅದೇ ಸ್ಲ್ಯಾಗ್, ಹಳ್ಳಿಯ ಕಮ್ಮಾರರ ಬಾಯಲ್ಲಿ ಕಿಟ್ಟ. ನಮ್ಮಲ್ಲಿ ಒಂದು ಟನ್ ಕಬ್ಬಿಣಕ್ಕೆ 300ರಿಂದ 400 ಕೆಜಿ ಸ್ಲ್ಯಾಗ್ ಬರುತ್ತೆ. ಕೆಂಪಗೆ ಕಾದ ಅದರ ಮೇಲೆ ಜೋರಾಗಿ ನೀರು ಹೊಡೆದು ಥಟ್ಟನೆ ತಣಿಸಿದರೆ ಗಾಜಿನಂಥ ಮರಳಾಗುತ್ತೆ. ಅದನ್ನು ಅರೆದ ಪುಡಿಯೇ ಜಿಜಿಬಿಎಸ್. ನಿಧಾನ ತಣಿಸಿದರೆ ಬರೀ ಕಲ್ಲು. ಥಟ್ಟನೆ ತಣಿಸಿದ್ದಕ್ಕೆ ಮಾತ್ರ ಸಿಮೆಂಟಿನ ಗುಣ.

ಇವು ಕಾಂಕ್ರೀಟಿನಲ್ಲಿ ಏನು ಮಾಡುತ್ತವೆ? ಸಿಮೆಂಟ್ ನೀರಿನ ಜೊತೆ ಸೇರಿದಾಗ ಎರಡು ವಸ್ತು ಹುಟ್ಟುತ್ತವೆ. ಒಂದು ಜಲ್ಲಿ-ಮರಳನ್ನು ಹಿಡಿದಿಡುವ ಅಂಟು. ಇನ್ನೊಂದು ಸುಣ್ಣ. ಈ ಸುಣ್ಣದಿಂದ ಗಟ್ಟಿತನಕ್ಕೆ ಹೆಚ್ಚೇನೂ ಪ್ರಯೋಜನ ಇಲ್ಲ, ನೀರಿಗೆ ಕರಗಿ ಹೊರಬರೋದೂ ಅದೇ. ಹಾರುಬೂದಿಯಲ್ಲಿರುವ ಸಿಲಿಕಾ ಈ ಸುಣ್ಣವನ್ನು ಹಿಡಿದು ಮತ್ತಷ್ಟು ಅಂಟು ಮಾಡುತ್ತೆ. ಮನೆಯಲ್ಲಿ ಮಿಕ್ಕ ಅನ್ನವನ್ನು ಮಾರನೇ ದಿನ ಚಿತ್ರಾನ್ನ ಮಾಡಿದ ಹಾಗೆ. ಒಳಗಿನ ಸಣ್ಣ ಸಣ್ಣ ರಂಧ್ರ ಮುಚ್ಚಿಕೊಳ್ಳುತ್ತವೆ, ನೀರು ಇಳಿಯೋದು ಕಡಿಮೆ ಆಗುತ್ತೆ. ನಮ್ಮ ಹಳೇ ಬಚ್ಚಲಮನೆಗೆ ಬೇಕಿದ್ದದ್ದೂ ಅದೇ.

ಇದೇನು ಪ್ರಯೋಗಶಾಲೆಯ ಸುದ್ದಿ ಅಲ್ಲ. ಅಂಗಡಿಯಲ್ಲಿ ಪಿಪಿಸಿ ಅಂತ ಬರೆದ ಚೀಲ ಇರುತ್ತಲ್ಲ, ಅದರಲ್ಲಿ ಐಎಸ್ 1489ರ ಪ್ರಕಾರ 15ರಿಂದ 35 ಶೇಕಡಾ ಹಾರುಬೂದಿ ಇದೆ. ಪಿಎಸ್‌ಸಿ ಅಂದರೆ ಸ್ಲ್ಯಾಗ್ ಸಿಮೆಂಟ್, ಐಎಸ್ 455ರ ಪ್ರಕಾರ ಅದರಲ್ಲಿ 25ರಿಂದ 70 ಶೇಕಡಾ ಸ್ಲ್ಯಾಗ್. ದೇಶದಲ್ಲಿ ಮಾರಾಟವಾಗುವ ಸಿಮೆಂಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಿಪಿಸಿಯೇ. ಅಂದರೆ ನಿಮ್ಮ ಮನೆ ಗೋಡೆಯಲ್ಲಿ ಯಾವುದೋ ವಿದ್ಯುತ್ ಕೇಂದ್ರದ ಬೂದಿ ಈಗಾಗಲೇ ಇರುವ ಸಾಧ್ಯತೆ ಜಾಸ್ತಿ.

ಬೂದಿ ಮನೆಯೂ ಕನ್ನಂಬಾಡಿ ಕಟ್ಟೆಯೂ

ಅಪ್ಪನಿಗೆ ಹೇಳಿದೆ. ಮೋಲ್ಡಿಗೆ, ಕಾಲಂಗೆ ಸ್ಲ್ಯಾಗ್ ಸಿಮೆಂಟ್ ಹಾಕೋಣ, ಗೋಡೆಗೆ, ಪ್ಲಾಸ್ಟರಿಂಗಿಗೆ ಪಿಪಿಸಿ ಸಾಕು ಅಂತ. ಅಪ್ಪ ಮಂಡ್ಯ ಕಡೆಯವರು. ಬೆಂಗಳೂರಿಗೆ ಬಂದು ನಲವತ್ತು ವರ್ಷ ಆದರೂ ಸಿಟ್ಟು ಬಂದರೆ ಊರ ಭಾಷೆ ಹೊರಗೆ ಬರುತ್ತೆ.

"ಏನ್ಲಾ, ಲಕ್ಷಾಂತರ ಸಾಲ ಮಾಡಿ ಬೂದಿ ತುಂಬಿ ಮನೆ ಕಟ್ಟೀಯಾ? ಫ್ಯಾಕ್ಟ್ರಿಯೋರು ಕಸ ಅಂತ ಬಿಸಾಕೋದ ತಂದು ನನ್ನ ತಲೆ ಮ್ಯಾಕೆ ಹಾಕೀಯಾ?"

ಅವರ ಮಾತನ್ನು ತೆಗೆದುಹಾಕೋ ಹಾಗಿರಲಿಲ್ಲ. ಕಂಬಿ ತುಕ್ಕು ಹಿಡಿದು ಸೂರು ಉದುರಿದ ಮನೆಯಲ್ಲಿ ಅವರು ಹತ್ತು ವರ್ಷ ಮಲಗಿದ್ದಾರೆ. ಅಮ್ಮ ಒಗೆಯುವ ಕಲ್ಲಿನ ಹತ್ತಿರ ನಿಂತಿದ್ದಾಗ ಪಕ್ಕದಲ್ಲೇ ಒಂದು ಚಕ್ಕೆ ಬಿದ್ದಿತ್ತು. 'ತ್ಯಾಜ್ಯ' ಅನ್ನೋ ಪದ ಕೇಳಿದ ಕೂಡಲೇ ಅವರಿಗೆ ಆ ಚಕ್ಕೆ ನೆನಪಾಗೋದು ಸಹಜ. ನಾನು ಕಾರ್ಬನ್ನು, ಕ್ಲಿಂಕರ್ ಅಂತ ಏನೇನೋ ಹೇಳಿದೆ. ಪಿಪಿಸಿ ಲೆಕ್ಕಾನೂ ಕೊಟ್ಟೆ. ಅಪ್ಪ ಪೇಪರ್ ಮಡಚಿಟ್ಟು ಎದ್ದುಹೋದರು.

ಮಾತು ತಿರುಗಿದ್ದು ನಮ್ಮ ಗಾರೆ ಮೇಸ್ತ್ರಿಯಿಂದ. ಅವರು ಅರವತ್ತು ದಾಟಿದ ಹಿರಿಯರು. ಮಾತಿನ ನಡುವೆ "ಯಜಮಾನ್ರೇ, ನಮ್ಮಪ್ಪನ ಕಾಲದಲ್ಲಿ ಸುರ್ಕಿ ಹಾಕ್ತಿರಲಿಲ್ವಾ? ಅದೂ ಒಡೆದ ಇಟ್ಟಿಗೆ ಪುಡೀನೇ ತಾನೇ?" ಅಂದರು.

ಸುರ್ಕಿ ಅಂದರೆ ಸುಟ್ಟ ಇಟ್ಟಿಗೆಯನ್ನು ಕುಟ್ಟಿ ಮಾಡಿದ ಪುಡಿ. ಅದನ್ನು ಸುಣ್ಣದ ಜೊತೆ ಅರೆದರೆ ಸುರ್ಕಿ ಗಾರೆ. ಸುಟ್ಟ ಮಣ್ಣಿನ ಸಿಲಿಕಾ ಸುಣ್ಣದ ಜೊತೆ ಸೇರಿ ನೀರಿನೊಳಗೂ ಗಟ್ಟಿಯಾಗುತ್ತೆ. ಹಾರುಬೂದಿ ಮಾಡೋ ಕೆಲಸವೇ ಇದು, ರಸಾಯನ ಒಂದೇ. 1911ರಲ್ಲಿ ಶುರುವಾಗಿ 1932ರ ಹೊತ್ತಿಗೆ ಮುಗಿದ ಕೃಷ್ಣರಾಜಸಾಗರದ ಕಲ್ಲುಗಳನ್ನು ಕೂಡಿಸಿದ್ದು ಇದೇ ಸುರ್ಕಿ ಗಾರೆ, ಈಗಿನ ಸಿಮೆಂಟ್ ಅಲ್ಲ.

ಮಂಡ್ಯದವರ ಮುಂದೆ ಕಟ್ಟೆ ವಿಷಯ ತೆಗೆದರೆ ಮುಗೀತು. ಮಳೆಗಾಲದಲ್ಲಿ ಅಪ್ಪ ಬೆಳಗ್ಗೆ ಎದ್ದು ಮೊದಲು ನೋಡೋದು ಕಟ್ಟೆಯ ನೀರಿನ ಮಟ್ಟ. 124.80 ಅಡಿ ಮುಟ್ಟಿದ ದಿನ ಮನೆಯಲ್ಲಿ ಪಾಯಸ ಆಗಿದ್ದೂ ಉಂಟು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಟ್ಟೆಗೆ ಇಟ್ಟಿಗೆ ಪುಡಿ ಹಾಕವ್ರಾ?" ಅಂತ ಮೇಸ್ತ್ರಿಯನ್ನೇ ಕೇಳಿದರು. "ಹೂಂ ಯಜಮಾನ್ರೇ, ಸುಣ್ಣ ಸುರ್ಕಿ" ಅಂದರು ಅವರು. ಅಪ್ಪ ನನ್ನ ಕಡೆ ತಿರುಗಿ, "ಆ ಸಿಮೆಂಟಿಗೆ ಐಎಸ್ಐ ಗುರ್ತು ಐತೇನ್ಲಾ?" ಅಂದರು. ಇದೆ ಅಂದೆ. ಅಲ್ಲಿಗೆ ನಮ್ಮ ಮನೆಯ ಹವಾಮಾನ ಶೃಂಗಸಭೆ ಮುಗಿಯಿತು.

ಹಳೇ ಕಾಂಕ್ರೀಟ್ ಎಲ್ಲಿ ಸಲ್ಲುತ್ತೆ, ಎಲ್ಲಿ ಸಲ್ಲಲ್ಲ

ಬೂದಿ, ಸ್ಲ್ಯಾಗ್ ಸಿಮೆಂಟಿನ ಜಾಗಕ್ಕೆ ಬಂದರೆ, ಕೆಡವಿದ ಕಾಂಕ್ರೀಟ್ ಜಲ್ಲಿಯ ಜಾಗಕ್ಕೆ ಬರುತ್ತೆ. ನಗರದ ಹೊರವಲಯದ ಮರುಬಳಕೆ ಘಟಕವೊಂದಕ್ಕೆ ಒಂದು ಶನಿವಾರ ಹೋಗಿ ನೋಡಿದೆ. ಬಂದ ಲೋಡಿನಿಂದ ಮರ, ಪ್ಲಾಸ್ಟಿಕ್, ಬಟ್ಟೆ ಚಿಂದಿಯನ್ನು ಕೈಯಲ್ಲಿ ಆರಿಸುತ್ತಾರೆ. ಉಳಿದದ್ದನ್ನು ಕ್ರಷರಿಗೆ ಹಾಕಿ ಒಡೆಯುತ್ತಾರೆ, ಅಯಸ್ಕಾಂತ ಕಂಬಿ ಚೂರನ್ನು ಎಳೆದುಕೊಳ್ಳುತ್ತೆ, ಜರಡಿಗಳು ಗಾತ್ರದ ಪ್ರಕಾರ ಬೇರ್ಪಡಿಸುತ್ತವೆ, ನೀರಿನಲ್ಲಿ ತೊಳೆದು ಮರಳು ತೆಗೆಯುತ್ತಾರೆ. ಒಂದು ತುದಿಯಲ್ಲಿ ಯಾರದೋ ಮೆಟ್ಟಿಲು ಹೋಗುತ್ತೆ, ಇನ್ನೊಂದು ತುದಿಯಲ್ಲಿ ಜಲ್ಲಿ, ಮರಳು, ಪೇವರ್ ಬ್ಲಾಕ್ ಬರುತ್ತವೆ. ದಿಲ್ಲಿಯ ಬುರಾರಿಯಲ್ಲಿ ಇಂಥ ಘಟಕ 2009ರಿಂದಲೇ ಇದೆ.

ಆದರೆ ಈ ಜಲ್ಲಿಯನ್ನು ಎಲ್ಲಿ ಬೇಕಾದರೂ ಹಾಕೋ ಹಾಗಿಲ್ಲ. ಒಡೆದ ಚೂರಿನ ಮೈಗೆ ಹಳೇ ಸಿಮೆಂಟಿನ ಗಾರೆ ಅಂಟಿಕೊಂಡಿರುತ್ತೆ. ಅದು ಸ್ಪಂಜಿನ ಹಾಗೆ ನೀರು ಕುಡಿಯುತ್ತೆ. ಒಣಗಿದ್ದನ್ನೇ ಹಾಕಿದರೆ ಸಿಮೆಂಟಿಗೆ ಸೇರಬೇಕಾದ ನೀರನ್ನು ಇದೇ ಹೀರಿಬಿಡುತ್ತೆ. ಗ್ರಾನೈಟ್ ಜಲ್ಲಿಯಷ್ಟು ಗಟ್ಟಿಯೂ ಅಲ್ಲ. ಅದಕ್ಕೇ ಐಎಸ್ 383 ಅನ್ನೋ ಮಾನಕ 2016ರ ಪರಿಷ್ಕರಣೆಯಲ್ಲಿ ಇದಕ್ಕೆ ಅವಕಾಶವನ್ನೂ ಕೊಟ್ಟಿತು, ಮಿತಿಯನ್ನೂ ಹಾಕಿತು. ಕಂಬಿ ಇಲ್ಲದ ಕಾಂಕ್ರೀಟಿನಲ್ಲಿ ಜಲ್ಲಿಯ 25 ಶೇಕಡಾವರೆಗೆ, ಕಂಬಿ ಇರುವ ಕಾಂಕ್ರೀಟಿನಲ್ಲಿ ಎಂ25 ದರ್ಜೆಯವರೆಗೆ ಮಾತ್ರ 20 ಶೇಕಡಾ, ಎಂ15ಕ್ಕಿಂತ ಕೆಳಗಿನ ತೆಳು ಕಾಂಕ್ರೀಟಿನಲ್ಲಿ ಪೂರ್ತಿ 100 ಶೇಕಡಾ. ಇಟ್ಟಿಗೆ ಮಿಶ್ರವಾಗಿದ್ದರೆ ತೆಳು ಕಾಂಕ್ರೀಟ್ ಬಿಟ್ಟು ಬೇರೆಲ್ಲೂ ಇಲ್ಲ.

ಜಿಪ್ಸಂ ಪ್ಲಾಸ್ಟರ್ ಇನ್ನೊಂದು ತಲೆನೋವು. ಫ್ಲ್ಯಾಟುಗಳ ಒಳಗೋಡೆಗೆ, ಫಾಲ್ಸ್ ಸೀಲಿಂಗಿಗೆ ಈಗ ಬಳಸೋದು ಅದನ್ನೇ. ಅದರ ಸಲ್ಫೇಟ್ ಹೊಸ ಕಾಂಕ್ರೀಟಿಗೆ ಹೋದರೆ ಉಬ್ಬಿ ಬಿರುಕು ಬಿಡಿಸುತ್ತೆ. ಹಾಗಾಗಿ ವಿಂಗಡಣೆ ಅನ್ನೋದು ಕೆಡವುವ ಜಾಗದಲ್ಲೇ ಆಗಬೇಕು. ಎಲ್ಲ ಕಲೆತ ಮೇಲೆ ಬೇರೆ ಮಾಡೋದು ಅಕ್ಕಿಯಲ್ಲಿ ಬೆರೆತ ರಾಗಿ ಆರಿಸಿದ ಹಾಗೆ.

ನಮ್ಮಲ್ಲಿ ಕೊನೆಗೆ ಆಗಿದ್ದು ಇಷ್ಟು. ಗುತ್ತಿಗೆದಾರರ ಜೊತೆ ಮತ್ತೆ ಕೂತು ಮಾತಾಡಿದೆವು. ಕೆಡವೋಕೆ ನಾಲ್ಕು ದಿನದ ಬದಲು ಒಂಬತ್ತು ದಿನ, ಅದಕ್ಕೆ ಹೆಚ್ಚಿನ ಕೂಲಿ ನಮ್ಮದು. ಗಟ್ಟಿ ಇಟ್ಟಿಗೆಯನ್ನು ಬಿಡಿಸಿ, ಗಾರೆ ಕೆರೆದು ಕಾಂಪೌಂಡಿಗೆ ಇಟ್ಟುಕೊಂಡೆವು. ಮುರಿದ ಇಟ್ಟಿಗೆ ತಾರಸಿಯ ಇಳಿಜಾರಿಗೆ ಚುರ್ಕಿಯಾಗಿ ಹೋಯಿತು. ಮಣ್ಣು ಮತ್ತು ಸಣ್ಣ ಚೂರು ಹೊಸ ಮನೆಯ ಪಾಯದ ಒಳಗೆ ತುಂಬಿ ದಿಮ್ಮಿಸಿದೆವು. ಕಾಂಕ್ರೀಟ್ ತುಂಡುಗಳನ್ನು ಎರಡು ಲೋಡು ಮರುಬಳಕೆ ಘಟಕಕ್ಕೆ ಕಳಿಸಿದೆವು. ಬಾಡಿಗೆ ನಮ್ಮ ಕೈಯಿಂದಲೇ. ವಾಪಸ್ ಬರುವಾಗ ಅದೇ ಗಾಡಿಯಲ್ಲಿ ಮರುಬಳಕೆಯ ಜಲ್ಲಿ ತರಿಸಿ, ಹಿಂದಿನ ರಾತ್ರಿ ನೀರು ಹೊಡೆದು ನೆನೆಸಿ, ನೆಲದ ಬೆಡ್ ಕಾಂಕ್ರೀಟಿಗೆ ಹಾಕಿದೆವು. ಕಾರು ನಿಲ್ಲಿಸುವ ಜಾಗಕ್ಕೆ ಅಲ್ಲಿನದೇ ಪೇವರ್. ಕಾಲಂ, ಬೀಮ್, ಮೋಲ್ಡಿಗೆ ಮಾತ್ರ ಹೊಸ ಜಲ್ಲಿ. ಮಾನಕ 20 ಶೇಕಡಾ ಬಿಡುತ್ತೆ ಅಂದರೂ ನಮ್ಮ ಇಂಜಿನಿಯರ್ ಒಪ್ಪಲಿಲ್ಲ. "ದೊಡ್ಡ ಸೈಟಲ್ಲಾದರೆ ಪ್ರತಿ ಲೋಡೂ ಟೆಸ್ಟ್ ಮಾಡಬಹುದು. ನಿಮ್ಮ ಮನೆಗೆ ಯಾರು ಮಾಡ್ತಾರೆ?" ಅಂದರು. ಅದು ಸರಿಯಾದ ಮಾತು.

ತಡವಾಗಿ ಗಟ್ಟಿಯಾಗುವ ಜಾತಿ

ಈ ಬಗೆಯ ಸಿಮೆಂಟಿನ ನಿಜವಾದ ಬೆಲೆ ಚೀಲದ ಮೇಲೆ ಇರಲ್ಲ. ನಮ್ಮ ಅಂಗಡಿಯಲ್ಲಿ ಸ್ಲ್ಯಾಗ್ ಸಿಮೆಂಟ್ ಸ್ವಲ್ಪ ಅಗ್ಗವೇ ಸಿಕ್ಕಿತು. ಬೆಲೆ ಇರೋದು ಕಾಯೋದರಲ್ಲಿ. ಬೂದಿ, ಸ್ಲ್ಯಾಗ್ ಎರಡೂ ನಿಧಾನಕ್ಕೆ ಕೆಲಸ ಮಾಡುತ್ತವೆ. ಮೊದಲ ವಾರದಲ್ಲಿ ಗಟ್ಟಿತನ ಕಡಿಮೆ, ಆಮೇಲೆ ಏರುತ್ತಾ ಹೋಗುತ್ತೆ. ಮಾಮೂಲಿ ಸಿಮೆಂಟಿಗೆ ಕನಿಷ್ಠ 7 ದಿನ ನೀರು ಹೊಡೆಯಬೇಕು ಅಂದರೆ ಇದಕ್ಕೆ ಕನಿಷ್ಠ 10 ದಿನ. ನಾವು 14 ದಿನ ಮೋಲ್ಡಿನ ಮೇಲೆ ನೀರು ಕಟ್ಟಿ ನಿಲ್ಲಿಸಿದೆವು.

ಹತ್ತನೇ ದಿನಕ್ಕೆ ಗುತ್ತಿಗೆದಾರರು ಸೆಂಟ್ರಿಂಗ್ ಬಿಚ್ಚೋಣ ಅಂದರು. ಅವರಿಗೆ ಆ ಶೀಟು, ಆ ಜಾಕಿ ಇನ್ನೊಂದು ಸೈಟಿಗೆ ಬೇಕು. "ಎಲ್ಲ ಕಡೆ ಹಿಂಗೇ ಬಿಚ್ಚೋದು ಸಾರ್, ಏನೂ ಆಗಲ್ಲ." ಇಂಜಿನಿಯರ್ 21 ದಿನ ಬೇಕೇ ಬೇಕು ಅಂದರು. ಪ್ರತಿ ಹೆಚ್ಚಿನ ದಿನಕ್ಕೂ ಸೆಂಟ್ರಿಂಗ್ ಬಾಡಿಗೆ. ಇತ್ತ ನಾವಿದ್ದದ್ದು ಬಾಡಿಗೆ ಮನೆಯಲ್ಲಿ, ಅತ್ತ ಬ್ಯಾಂಕಿನ ಕಂತು ಆಗಲೇ ಶುರು. ತಿಂಗಳ ಸಂಬಳ ಮೂರು ಕಡೆ ಹರಿದುಹೋಗುತ್ತಿದ್ದ ಕಾಲ ಅದು. ಅಮ್ಮ ಒಂದು ರಾತ್ರಿ, "ಎಲ್ಲರ ಥರ ಮಾಮೂಲಿ ಸಿಮೆಂಟೇ ಹಾಕಿದ್ದರೆ ಇಷ್ಟೊತ್ತಿಗೆ ಮೇಲಿನ ಗೋಡೆ ಏಳ್ತಿತ್ತೇನೋ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಇದ್ದದ್ದು ಟೆಸ್ಟಿಂಗ್ ಲ್ಯಾಬಿನಲ್ಲಿ ನೀರಲ್ಲಿ ಮುಳುಗಿದ್ದ ಒಂಬತ್ತು ಕ್ಯೂಬ್‌ಗಳಲ್ಲಿ.

ಮೋಲ್ಡ್ ಹಾಕಿದ ದಿನವೇ ಅದೇ ಕಾಂಕ್ರೀಟಿನಿಂದ 150 ಮಿಲಿಮೀಟರಿನ ಕ್ಯೂಬ್ ಮಾಡಿಟ್ಟಿದ್ದೆವು. ನಮ್ಮದು ಎಂ25, ಅಂದರೆ 28ನೇ ದಿನಕ್ಕೆ ಚದರ ಮಿಲಿಮೀಟರಿಗೆ 25 ನ್ಯೂಟನ್ ತಡೆಯಬೇಕು. 7ನೇ ದಿನ ಮೂರು ಒಡೆಸಿದಾಗ ಸರಾಸರಿ 17. ಗುತ್ತಿಗೆದಾರರ ಮುಖದಲ್ಲಿ 'ನಾನು ಹೇಳಲಿಲ್ವಾ' ಅನ್ನೋ ನಗು. 28ನೇ ದಿನ ಸರಾಸರಿ 31. ಇನ್ನು ಮೂರು ಉಳಿಸಿ 56ನೇ ದಿನಕ್ಕೆ ಒಡೆಸಿದೆವು, 36. ಅಪ್ಪ ಆ ವರದಿಯನ್ನು ಎರಡು ಸಲ ಓದಿ, ಸೈಟಿನ ಕ್ರಯಪತ್ರ ಇಡುವ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟರು.

ಕಸ ಅಂದರೆಲ್ಲ ಒಂದೇ ಅಲ್ಲ

ಇದನ್ನು ಓದಿ ಯಾರಾದರೂ ಎಲ್ಲಿಂದಲೋ ಬೂದಿ ತರಿಸಿ ಕಾಂಕ್ರೀಟಿಗೆ ಸುರಿಯೋಕೆ ಹೋದರೆ ಅದು ಅಪಾಯ. ಇಟ್ಟಿಗೆ ಗೂಡಿನ ಬೂದಿ, ಬಾಯ್ಲರ್ ಬೂದಿ ಇವೆಲ್ಲ ಹಾರುಬೂದಿ ಅಲ್ಲ. ಸರಿಯಾಗಿ ಉರಿಯದ ಇದ್ದಿಲಿನ ಅಂಶ ಇದ್ದರೆ ಕಾಂಕ್ರೀಟ್ ಕೆಡುತ್ತೆ. ಸಿಮೆಂಟಿಗೆ ಸೇರುವ ಹಾರುಬೂದಿಗೂ ಐಎಸ್ 3812 ಅಂತ ಮಾನಕ ಇದೆ. ಮನೆ ಕಟ್ಟುವವರಿಗೆ ಸುಲಭದ ದಾರಿ ಅಂದರೆ ಕಾರ್ಖಾನೆಯಲ್ಲೇ ಬೆರೆಸಿ ಬಂದ ಪಿಪಿಸಿ ಅಥವಾ ಪಿಎಸ್‌ಸಿ. ಇಲ್ಲವೇ ಪ್ರಮಾಣ ಬರೆದು ಕೊಡುವ ರೆಡಿಮಿಕ್ಸ್.

ಇನ್ನೊಂದು ಮಾತು. ಕಲ್ಲಿದ್ದಲು ವಿದ್ಯುತ್ ಕಡಿಮೆಯಾದಂತೆ ಬೂದಿಯೂ ಮುಂದೆ ಕಡಿಮೆ ಆಗುತ್ತೆ. ಅದಕ್ಕೂ ತಯಾರಿ ನಡೆದಿದೆ. ಸುಟ್ಟ ಜೇಡಿ ಮತ್ತು ಸುಡದ ಸುಣ್ಣದ ಕಲ್ಲಿನ ಪುಡಿ ಸೇರಿಸಿ, ಅರ್ಧದಷ್ಟೇ ಕ್ಲಿಂಕರಿನಲ್ಲಿ ಮಾಡುವ ಎಲ್‌ಸಿ3 ಅನ್ನೋ ಸಿಮೆಂಟನ್ನು ಸ್ವಿಟ್ಜರ್ಲೆಂಡಿನ ಲೋಸಾನ್‌ನ ಸಂಶೋಧಕರು ದಿಲ್ಲಿ, ಬಾಂಬೆ, ಮದ್ರಾಸ್ ಐಐಟಿಗಳ ಜೊತೆ ಬೆಳೆಸಿದ್ದಾರೆ. 2023ರಲ್ಲಿ ನಮ್ಮ ದೇಶದಲ್ಲೂ ಅದಕ್ಕೆ ಮಾನಕ ಬಂತು. ಸುಟ್ಟ ಜೇಡಿ ಅಂದಾಗ ನಮ್ಮ ಮೇಸ್ತ್ರಿ ನಕ್ಕರು, "ಸುತ್ತಿ ಬಳಸಿ ಸುರ್ಕಿಗೇ ಬಂದ್ರಾ?" ಅಂತ.

ಜನ ಒಪ್ಪಲ್ಲ ಅನ್ನುವವರಿಗೆ ಎಂ ಸ್ಯಾಂಡ್ ನೆನಪಿಸಬೇಕು. ಮೊದಮೊದಲು "ಕಲ್ಲುಪುಡಿಯಲ್ಲಿ ಪ್ಲಾಸ್ಟರಿಂಗಾ?" ಅಂತ ಎಲ್ಲರೂ ಮೂಗು ಮುರಿದರು. ಹೊಳೆ ಮರಳು ಸಿಗೋದು ಕಷ್ಟವಾಯಿತು, ಬೆಲೆ ಏರಿತು. ಇವತ್ತು ಬೆಂಗಳೂರಿನಲ್ಲಿ ಮರಳು ಅಂದರೆ ಎಂ ಸ್ಯಾಂಡೇ. ಮರುಬಳಕೆಯ ಜಲ್ಲಿಗೂ ಆ ದಿನ ಬರುತ್ತೆ. ಕಲ್ಲುಗುಡ್ಡ ಮುಗಿಯುವ ಮುಂಚೆ ಬಂದರೆ ಚೆನ್ನ.

ಸ್ವಂತ ಮನೆ ಕಟ್ಟದ, ಫ್ಲ್ಯಾಟ್ ನೋಡುತ್ತಿರುವ ಗೆಳೆಯರಿಗೆ ನಾನು ಈಗ ಮೂರು ಪ್ರಶ್ನೆ ಹೇಳಿಕೊಡುತ್ತೇನೆ. ಸೇಲ್ಸ್‌ನವರು ಸ್ವಿಮ್ಮಿಂಗ್ ಪೂಲ್ ತೋರಿಸುವಾಗ ಕೇಳಿ: ಈ ಜಾಗದಲ್ಲಿ ಮೊದಲಿದ್ದ ಕಟ್ಟಡದ ಡೆಬ್ರಿಸ್ ಎಲ್ಲಿಗೆ ಹೋಯಿತು, ರಸೀದಿ ಇದೆಯಾ? ಕಾಂಕ್ರೀಟಿನಲ್ಲಿ ಹಾರುಬೂದಿ ಅಥವಾ ಸ್ಲ್ಯಾಗ್ ಎಷ್ಟು ಶೇಕಡಾ? 28 ದಿನದ ಕ್ಯೂಬ್ ವರದಿ ತೋರಿಸ್ತೀರಾ? ಮೊದಲ ಸಲ ಅವರು ತಬ್ಬಿಬ್ಬಾಗುತ್ತಾರೆ. ಹತ್ತು ಜನ ಕೇಳಿದ ಮೇಲೆ ಬ್ರೋಷರಿನಲ್ಲೇ ಅಚ್ಚು ಹಾಕಿಸುತ್ತಾರೆ.

ಕಬ್ಬಿಣದ ಪೆಟ್ಟಿಗೆಯಲ್ಲಿ ಕ್ಯೂಬ್ ವರದಿಯ ಜೊತೆ ನಾನೂ ಎರಡು ಹಾಳೆ ಸೇರಿಸಿದ್ದೇನೆ. ಯಾವ ಮೋಲ್ಡಿಗೆ ಯಾವ ಸಿಮೆಂಟ್, ನೆಲದ ಕೆಳಗೆ ಯಾವ ಜಲ್ಲಿ, ಯಾವ ಕೋಣೆಯಲ್ಲಿ ಜಿಪ್ಸಂ ಇದೆ, ಪೈಪು ಎಲ್ಲಿ ಹೋಗಿದೆ, ಎಲ್ಲ ಬರೆದು. ನಾವು ಕೋಡ್ ಬರೆದು ಮುಂದೆ ಬರುವವರಿಗಾಗಿ ಟಿಪ್ಪಣಿ ಬಿಡುತ್ತೇವಲ್ಲ, ಹಾಗೆ. ಐವತ್ತು-ಅರವತ್ತು ವರ್ಷದ ನಂತರ ಈ ಮನೆಯನ್ನು ಬಿಚ್ಚುವವರಿಗೆ ಅದು ಬೇಕಾಗುತ್ತೆ. ಮೇಲೆ ಏನು ಬರೆಯಲಿ ಅಂತ ಅಪ್ಪನನ್ನು ಕೇಳಿದೆ. "ಒಡೆಯೋರಿಗೆ ಅಂತ ಬರಿ" ಅಂದರು. ಒಂದು ಕ್ಷಣ ಬಿಟ್ಟು, "ನಿಧಾನಕ್ಕೆ ಒಡೀರಿ ಅಂತಲೂ ಬರಿ" ಅಂದರು.